ಲೇಸರ್ ಚಿಕಿತ್ಸೆ ಮತ್ತು ಆಪ್ತವಾಕ್ಯ

ಒಂದು ವಿಷಯ ನಮಗೆ ತಿಳಿಯುವುದು ಹೇಗೆ, ತಿಳಿದದ್ದನ್ನು ಸರಿಯೆಂದು ನಂಬುವುದು ಯಾವ ಆಧಾರದ ಮೇಲೆ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಬಹು ಹಿಂದೆಯೇ ಎತ್ತಿಕೊಂಡಿದ್ದರು. ಚಾರ್ವಾಕರು ಪ್ರತ್ಯಕ್ಷವೊಂದೇ ಸಾಕೆಂದರು. ನ್ಯಾಯದರ್ಶನದವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಇಲ್ಲಿ ಶಬ್ದವೆಂದರೆ ಆಪ್ತನ ಮಾತು. ಆಪ್ತನೆಂದ ಕೂಡಲೇ ಬಂಧು, ಮಿತ್ರ ಎಂದು ನಾವು ಭಾವಿಸುತ್ತೇವೆ. ಶಾಸ್ತ್ರದ ಅರ್ಥ ಅದಲ್ಲ. ವಿಷಯವನ್ನು ತಾನೇ ಚೆನ್ನಾಗಿ ಬಲ್ಲವನಾಗಿ, ಬಲ್ಲಂತೆಯೇ ಇನ್ನೊಬ್ಬರಿಗೆ ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡುವವನು ಆಪ್ತ ಎಂದು ನ್ಯಾಯಸೂತ್ರಗಳ ಭಾಷ್ಯಕಾರನಾದ ವಾತ್ಸ್ಯಾಯನ ವಿವರಿಸುತ್ತಾನೆ. ಅವನು ಋಷಿಯಾಗಿರಲಿ, ಆರ್ಯನಾಗಿರಲಿ, ಮ್ಲೇಚ್ಛನಾಗಿರಲಿ, ಲಕ್ಷಣ ಒಂದೇ ಎಂದೂ ಸೇರಿಸುತ್ತಾನೆ. ಸಾವಿರದ ಐದುನೂರು ವರ್ಷಗಳಿಗೂ ಹಿಂದಿನ ಈ ಉದಾರ ಮಾತು ನನಗೆ ಬಹಳ ಪ್ರಿಯವಾದುದು.

ಈ ಹಳೆಯ ಚರ್ಚೆಯನ್ನು ಸ್ಮರಣ ಸಂಚಿಕೆಯ ಓದುಗರ ಮುಂದೆ ತರಲು ಕಾರಣ ಕಣ್ಣು. ಸೊಲ್ಲಾಪುರದ ಬಸ್ ನಿಲ್ದಾಣದ ಸುತ್ತಲಿನ ಫಲಕಗಳಲ್ಲಿ, ಮರಾಠಿ ಪತ್ರಿಕೆಗಳ ಪುರವಣಿಗಳಲ್ಲಿ, ವಿಜಯಪುರ ಕಲಬುರ್ಗಿಗಳಿಂದ ಬರುವ ಕನ್ನಡ ಪತ್ರಿಕೆಗಳಲ್ಲಿ, ಈಗ ಎಲ್ಲರ ಕೈಯಲ್ಲಿರುವ ಮೊಬೈಲುಗಳಲ್ಲಿ ಒಂದೇ ಧಾಟಿಯ ಮಾತು ಕಾಣುತ್ತದೆ. ಹತ್ತು ನಿಮಿಷದಲ್ಲಿ ಚಷ್ಮಾದಿಂದ ಮುಕ್ತಿ, ನೋವಿಲ್ಲ, ಹೊಲಿಗೆಯಿಲ್ಲ, ನೂರಕ್ಕೆ ತೊಂಬತ್ತೆಂಟು ಮಂದಿಗೆ ಯಶಸ್ಸು. ಕೆಲವು ಸಲ ಇದು ಜಾಹೀರಾತಾಗಿ ಬರುತ್ತದೆ, ಕೆಲವು ಸಲ ಸುದ್ದಿಯಾಗಿ, ಮತ್ತೆ ಕೆಲವು ಸಲ ಯಾವುದೆಂದು ಹೇಳಲಾಗದ ರೂಪದಲ್ಲಿ. ಮೇಷ್ಟರ ಕೆಲಸದಿಂದ ನಿವೃತ್ತನಾದರೂ ಹಳ್ಳಿಯ ಜನ ಸಲಹೆ ಕೇಳುವುದನ್ನು ಬಿಟ್ಟಿಲ್ಲ. ಮೈಂದರ್ಗಿಯ ಕಡೆಯವರೊಬ್ಬರು ಮಗಳ ವಿಷಯವಾಗಿ ಬಂದು, "ಪೇಪರಿನಾಗ ಬಂದೈತಿ ಅಂದಮ್ಯಾಲ ಖರೇನ ಇರ್ಬೇಕಲ್ರಿ ಗುರುಗಳೇ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಲು ನನ್ನಿಂದಾಗಲಿಲ್ಲ. ಪತ್ರಿಕೆಯ ಮಾತು ಆಪ್ತವಾಕ್ಯವೇ ಎಂಬುದೇ ಅವರ ಪ್ರಶ್ನೆ. ಹುಡುಗಿಗೆ ಹತ್ತೊಂಬತ್ತು ವರ್ಷ. ಗಂಡಿನ ಕಡೆಯವರು ಚಷ್ಮಾ ಬೇಡವೆಂದಿದ್ದರು.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮ ಭಾಗದಲ್ಲಿ ಅಜ್ಜಿಯ ಕಣ್ಣಿನ ಪೊರೆ ತೆಗೆಸಿದರೂ "ಲೇಸರ್ ಆಪರೇಷನ್ ಆಯಿತು" ಎನ್ನುತ್ತಾರೆ. ಆದರೆ ಹೊಲಿಗೆಯಿಲ್ಲದ ಸಾಮಾನ್ಯ ಪೊರೆ ಚಿಕಿತ್ಸೆಯಲ್ಲಿ ಕೆಲಸ ಮಾಡುವುದು ಲೇಸರ್ ಅಲ್ಲ. ಅಮೆರಿಕದ ಚಾರ್ಲ್ಸ್ ಕೆಲ್ಮನ್ ಎಂಬ ವೈದ್ಯ 1967ರಲ್ಲಿ ಬಳಕೆಗೆ ತಂದ ವಿಧಾನ ಅದು. ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಧ್ವನಿಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆದು, ಆ ಜಾಗದಲ್ಲಿ ಕೃತಕ ಮಸೂರವನ್ನಿಡುತ್ತಾರೆ. ಲೇಸರಿನ ನೆರವಿನ ಪೊರೆ ಚಿಕಿತ್ಸೆಯೂ ಇದೆ, ಆದರೆ ಅದು ಬೇರೆ, ದುಬಾರಿಯಾದುದು. ಚಷ್ಮಾ ಬಿಡಿಸುವ ಲ್ಯಾಸಿಕ್ ಮೊದಲಾದವು ಇನ್ನೂ ಬೇರೆ. ಅಜ್ಜಿಯ ಕಣ್ಣು ಚೆನ್ನಾಯಿತೆಂಬ ಅನುಭವವನ್ನು ಮೊಮ್ಮಗಳ ಕಣ್ಣಿಗೆ ಸಾಕ್ಷಿಯಾಗಿ ತರುವವರಿದ್ದಾರೆ. ಹೆಸರು ಒಂದೇ ಆದ ಮಾತ್ರಕ್ಕೆ ಸಾಕ್ಷಿ ಸಲ್ಲುವುದಿಲ್ಲ.

ಲ್ಯಾಸಿಕ್ ಎಂಬುದು ಕಣ್ಣಿನ ಮುಂದಿನ ಪಾರದರ್ಶಕ ಪಟಲವಾದ ಕಾರ್ನಿಯದ ಮೇಲೆ ನಡೆಯುವ ಕೆಲಸ. ಅದರ ದಪ್ಪ ಮಧ್ಯಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್. ಮೇಲಿನ ತೆಳು ಪದರವನ್ನು ಪುಸ್ತಕದ ಹಾಳೆಯಂತೆ ಎತ್ತಿ, ಒಳಗಿನ ಭಾಗವನ್ನು ಅತಿನೇರಳೆ ಕಿರಣದಿಂದ ಕೊರೆದು ವಕ್ರತೆಯನ್ನು ಬದಲಿಸಿ, ಹಾಳೆಯನ್ನು ಮತ್ತೆ ಮುಚ್ಚುತ್ತಾರೆ. ಒಂದು ಡಯಾಪ್ಟರ್ ನಂಬರು ಇಳಿಸಲು ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದು ಮೈಕ್ರಾನಿನಷ್ಟು ಪಟಲ ಹೋಗುತ್ತದೆ, ಅಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಹನ್ನೆರಡು ಹದಿನೈದು. ಈ ಕಿರಣ ಜೀವಂತ ಅಂಗಾಂಶವನ್ನು ಸುಡದೆ ಅಚ್ಚುಕಟ್ಟಾಗಿ ಕತ್ತರಿಸಬಲ್ಲದೆಂದು 1981ರಲ್ಲಿ ಕಂಡುಕೊಂಡವರಲ್ಲಿ ಭಾರತದಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಅವರು ಮೊದಲ ಪ್ರಯೋಗ ಮಾಡಿದರು. 1990ರ ಸುಮಾರಿಗೆ ಗ್ರೀಸಿನ ಕ್ರೀಟ್ ದ್ವೀಪದ ಪಲ್ಲಿಕಾರಿಸ್ ಈ ಹಾಳೆ ಎತ್ತುವ ಕ್ರಮವನ್ನೂ ಕಿರಣವನ್ನೂ ಕೂಡಿಸಿದರು. ಇದು ದೊಡ್ಡ ಸಾಧನೆಯೆಂಬುದರಲ್ಲಿ ಎರಡು ಮಾತಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಪುಣೆ ಹೈದರಾಬಾದುಗಳಲ್ಲಿ ಇದನ್ನು ಮಾಡಿಸಿಕೊಂಡು ಸುಖವಾಗಿದ್ದಾರೆ. ಈ ಲೇಖನ ಚಿಕಿತ್ಸೆಯ ವಿರುದ್ಧವಲ್ಲ. ಅದರ ಬಗ್ಗೆ ಆಡುವ ಮಾತಿನ ನೀತಿಯನ್ನು ಕುರಿತದ್ದು.

ನೀತಿಯ ಪ್ರಶ್ನೆ ಹುಟ್ಟುವುದು ಎಲ್ಲಿ ಎಂಬುದಕ್ಕೆ ನಮ್ಮವರೇ ಆದ ಡಾ. ಎಂ. ಸಿ. ಮೋದಿಯವರನ್ನು ನೆನೆಯುತ್ತೇನೆ. ಬೀಳಗಿಯಲ್ಲಿ ಹುಟ್ಟಿದ ಮುರುಗಪ್ಪ ಚನ್ನವೀರಪ್ಪ ಮೋದಿಯವರು 1943ರಿಂದ ಊರೂರಿಗೆ ಹೋಗಿ ಸಾಮೂಹಿಕ ನೇತ್ರ ಶಿಬಿರಗಳನ್ನು ನಡೆಸಿದರು. ಒಂದೇ ದಿನ 833 ಪೊರೆ ಚಿಕಿತ್ಸೆಗಳು, 1993ರ ಫೆಬ್ರವರಿಯವರೆಗೆ ಒಟ್ಟು 6,10,564 ಚಿಕಿತ್ಸೆಗಳು ಎಂದು ಗಿನ್ನೆಸ್ ದಾಖಲೆ ಪುಸ್ತಕ ಅವರ ಹೆಸರಿನಲ್ಲಿ ನಮೂದಿಸಿದೆ. ಆ ಮಹನೀಯರಿಗೆ ಕೈಮುಗಿದೇ ಒಂದು ಮಾತು ಹೇಳಬೇಕು: ಇದು ಚಿಕಿತ್ಸೆಗಳ ಲೆಕ್ಕ, ಎಷ್ಟು ಕಣ್ಣುಗಳಿಗೆ ಎಷ್ಟು ದೃಷ್ಟಿ ಬಂದಿತು, ಎಷ್ಟು ವರ್ಷ ಉಳಿಯಿತು ಎಂಬುದು ಬೇರೆ ಲೆಕ್ಕ. ಆದರೂ ಅಂದಿನ ಶಿಬಿರದಲ್ಲಿ ಆ ಎರಡನೆಯ ಲೆಕ್ಕ ಇಲ್ಲದಿದ್ದುದರಿಂದ ಯಾರಿಗೂ ಮೋಸವಾಗಲಿಲ್ಲ. ಏಕೆಂದರೆ ಅಲ್ಲಿ ಸಾಲಿನಲ್ಲಿ ಕುಳಿತವರು ಪೊರೆಯಿಂದ ಕುರುಡಾದವರು. ಮೊಮ್ಮಗನ ಕೈಹಿಡಿದು ಬಂದವನು ಸೋಡಾಬುಡ್ಡಿ ಚಾಳೀಸು ಹಾಕಿಕೊಂಡು ತಾನೇ ಮನೆಗೆ ನಡೆದು ಹೋದರೆ ಅದೇ ಫಲಿತಾಂಶ. ಕಳೆದುಕೊಳ್ಳಲು ಅವನಲ್ಲಿ ಬಹಳ ಇರಲಿಲ್ಲ.

ಲ್ಯಾಸಿಕ್ ಮಾಡಿಸಿಕೊಳ್ಳಲು ಬರುವ ಹುಡುಗಿಯ ಸ್ಥಿತಿ ಹಾಗಲ್ಲ. ಅವಳ ಕಣ್ಣು ರೋಗಗ್ರಸ್ತವಲ್ಲ. ಐನೂರು ರೂಪಾಯಿಯ ಚಷ್ಮಾ ಹಾಕಿಕೊಂಡರೆ ಅವಳಿಗೆ ಈಗಲೇ ಪೂರ್ಣ ದೃಷ್ಟಿಯಿದೆ. ಕುರುಡನಿಗೆ ಕಣ್ಣು ಕೊಡುವವನು ನೂರರಲ್ಲಿ ಹತ್ತು ಸಲ ಸೋತರೂ ಪುಣ್ಯವಂತ. ಚೆನ್ನಾಗಿರುವ ಕಣ್ಣನ್ನು ಕೊರೆಯುವವನು ನೂರರಲ್ಲಿ ಒಂದು ಸಲ ಸೋತರೂ ಆ ಒಬ್ಬಳಿಗೆ ಮೊದಲೇ ತಿಳಿಸಿದ್ದನೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ಇಲ್ಲಿ ಮಾತಿನ ಮೇಲಿನ ಹೊಣೆ ಹೆಚ್ಚು. ಶಿಬಿರದ ವೈದ್ಯನಿಗಿಂತ ಜಾಹೀರಾತಿನ ವೈದ್ಯನು ಹೆಚ್ಚು ಸತ್ಯ ಹೇಳಬೇಕಾದವನು, ಕಡಿಮೆಯಲ್ಲ. ನಡೆಯುತ್ತಿರುವುದು ತಿರುವುಮುರುವು.

ಇನ್ನು ಶೇಕಡಾವಾರಿನ ವಿಚಾರ. ಈ ವಿಷಯದಲ್ಲಿ ಶಾಲೆಯ ಮುಖ್ಯಾಧ್ಯಾಪಕನಿಗೆ ಕಣ್ಣಿನ ವೈದ್ಯನಿಗಿಂತ ಅನುಭವ ಹೆಚ್ಚೆಂದು ಹೇಳಿದರೆ ಓದುಗರು ನಗಬಾರದು. ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದಾಗ "ನಮ್ಮ ಶಾಲೆಯ ಫಲಿತಾಂಶ ಶೇ. 100" ಎಂಬ ಫಲಕಗಳು ಏಳುತ್ತವೆ. ಅವುಗಳಲ್ಲಿ ಕೆಲವು ನಿಜವಾದ ಪರಿಶ್ರಮದ ಫಲ. ಉಳಿದವು ಹೇಗೆ ಬರುತ್ತವೆಂಬುದು ಮಹಾರಾಷ್ಟ್ರದ ಶಿಕ್ಷಕರಿಗೆ ಗೊತ್ತು. ಹಿಂದುಳಿದ ಹುಡುಗನ ತಂದೆಯನ್ನು ಕರೆಸಿ, "ಇವನಿಗೆ 17 ನಂಬರಿನ ಫಾರ್ಮ್ ತುಂಬಿಸಿರಿ" ಎನ್ನುತ್ತಾರೆ. ಅದು ಖಾಸಗಿಯಾಗಿ ಪರೀಕ್ಷೆಗೆ ಕೂಡುವವರ ಅರ್ಜಿ. ಹುಡುಗ ಅದೇ ಪರೀಕ್ಷೆಗೆ ಕೂಡುತ್ತಾನೆ, ನಪಾಸೂ ಆಗುತ್ತಾನೆ; ಆದರೆ ಶಾಲೆಯ ಲೆಕ್ಕದಲ್ಲಿ ಅವನಿಲ್ಲ. ಫಲಕದ ಮೇಲಿನ ಅಂಕಿಯಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಭಾಗಿಸಿದ ಸಂಖ್ಯೆ ಸರಿಯಾಗಿದೆ. ಯಾವುದರಿಂದ ಭಾಗಿಸಿದರು ಎಂಬುದು ಮಾತ್ರ ಫಲಕದ ಮೇಲಿಲ್ಲ.

ಆದ್ದರಿಂದ ಶೇ. 98 ಎಂಬುದು ನನ್ನ ದೃಷ್ಟಿಯಲ್ಲಿ ಅಪೂರ್ಣ ವಾಕ್ಯ. ಕರ್ತೃವೂ ಕರ್ಮವೂ ಇಲ್ಲದ ಬರಿಯ ಕ್ರಿಯಾಪದ. ಯಾರಲ್ಲಿ ತೊಂಬತ್ತೆಂಟು? ಆಸ್ಪತ್ರೆಗೆ ಬಂದವರೆಲ್ಲರಲ್ಲೋ, ಕಾರ್ನಿಯ ತೆಳುವೆಂದು ಹಿಂದಕ್ಕೆ ಕಳಿಸಿದವರನ್ನು ಬಿಟ್ಟು ಉಳಿದವರಲ್ಲೋ? (ಹಿಂದಕ್ಕೆ ಕಳಿಸುವುದು ಒಳ್ಳೆಯ ವೈದ್ಯನ ಲಕ್ಷಣವೇ. ತೆಳುವಾದ ಅಥವಾ ಆಕಾರಗೆಟ್ಟ ಕಾರ್ನಿಯವನ್ನು ಕೊರೆದರೆ ಅದು ಕ್ರಮೇಣ ಉಬ್ಬಿ ಮುಂದಕ್ಕೆ ಚಾಚಿಕೊಳ್ಳುವ ಅಪಾಯವಿದೆಯೆಂದು 1998ರಿಂದಲೂ ವೈದ್ಯಲೋಕಕ್ಕೆ ತಿಳಿದಿದೆ.) ಮರಳಿ ತಪಾಸಣೆಗೆ ಬಂದವರಲ್ಲೋ, ಬಾರದೆ ಬೇರೆ ವೈದ್ಯರ ಬಳಿಗೆ ಹೋದವರನ್ನೂ ಸೇರಿಸಿಯೋ? ಯಾವ ಅಳತೆಯಲ್ಲಿ, ಎಷ್ಟು ಕಾಲದ ನಂತರ, ಎಣಿಸಿದವರು ಯಾರು?

ಅಳತೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಕಣ್ಣಿನ ವೈದ್ಯರ ಗೋಡೆಯ ಮೇಲೆ ಕಾಣುವ ಅಕ್ಷರಗಳ ಪಟವನ್ನು ಹಾಲೆಂಡಿನ ಸ್ನೆಲೆನ್ 1862ರಲ್ಲಿ ರೂಪಿಸಿದರು. ಆರು ಮೀಟರ್ ದೂರದಿಂದ ನಿಗದಿಯಾದ ಸಾಲನ್ನು ಓದಿದರೆ 6/6. ಜಾಹೀರಾತಿನ "ಯಶಸ್ಸು" ಬಹುಮಟ್ಟಿಗೆ ಈ ಪಟದ ಯಶಸ್ಸು. ಅಲ್ಲಿ ಅಕ್ಷರ ಅಚ್ಚ ಕಪ್ಪು, ಹಿನ್ನೆಲೆ ಅಚ್ಚ ಬಿಳುಪು, ಬೆಳಕು ಸಮ. ನಮ್ಮ ಬಾಳು ಆ ಕೋಣೆಯಲ್ಲಿ ನಡೆಯುವುದಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ಒಂಬತ್ತರ ಮೇಲೆ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಮೋಟಾರ್ ಸೈಕಲ್ ಮೇಲೆ ಬರುವವನನ್ನು ಕೇಳಿರಿ. ಎದುರಿನಿಂದ ಲಾರಿಯ ದೀಪ. ಮುಂದೆ ಹಿಂದೀಪವಿಲ್ಲದ ಎರಡು ಟ್ರಾಲಿ ಕಬ್ಬು. ಆ ಕ್ಷಣದಲ್ಲಿ ಬೇಕಾದದ್ದು ಬೂದು ಬಣ್ಣದ ಮೇಲಿನ ಬೂದು ಬಣ್ಣವನ್ನು ಬೇರ್ಪಡಿಸುವ ಶಕ್ತಿ, ದೀಪದ ಸುತ್ತ ಬಳೆ ಮೂಡದ ಕಣ್ಣು. ಪಟದ ಮುಂದೆ 6/6 ಓದಿದವನಿಗೂ ಇದು ಕಡಿಮೆಯಿರಬಹುದು. ಕೆಲವರಿಗೆ ಚಿಕಿತ್ಸೆಯಿಂದ ಇದು ಉತ್ತಮವಾಗುವುದೂ ಉಂಟು. ಪಟ ಎರಡನ್ನೂ ಹೇಳದು.

ಇದಕ್ಕೆ ಆಧಾರವುಂಟೋ ಎಂದು ಕೇಳುವವರಿಗೆ ಒಂದು ಅಧ್ಯಯನದ ವಿವರ ಕೊಡುತ್ತೇನೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಂಬ ಸರಕಾರಿ ಸಂಸ್ಥೆ ನಡೆಸಿದ "ಪ್ರೌಲ್" ಎಂಬ ಎರಡು ಅಧ್ಯಯನಗಳ ಫಲ 2017ರಲ್ಲಿ ಪ್ರಕಟವಾಯಿತು. ಒಂದರಲ್ಲಿ ನೌಕಾದಳದ 262 ಮಂದಿ, ಇನ್ನೊಂದರಲ್ಲಿ 312 ನಾಗರಿಕರು. ಚಿಕಿತ್ಸೆಯಾದ ಮೂರು ತಿಂಗಳಿಗೆ ದೃಷ್ಟಿಯ ಬಗ್ಗೆ ತೃಪ್ತರಾದವರು ಶೇ. 95ಕ್ಕೂ ಹೆಚ್ಚು. ಅದೇ ಅಧ್ಯಯನದಲ್ಲಿ, ಚಿಕಿತ್ಸೆಗೆ ಮುಂಚೆ ದೀಪದ ಬಳೆ, ಪ್ರಭೆ, ಎರಡೆರಡು ಕಾಣುವುದು ಮೊದಲಾದ ಯಾವ ತೊಂದರೆಯೂ ಇಲ್ಲದಿದ್ದವರ ಪೈಕಿ ಮೊದಲ ಗುಂಪಿನಲ್ಲಿ ಶೇ. 43, ಎರಡನೆಯದರಲ್ಲಿ ಶೇ. 46 ಮಂದಿಗೆ ಮೂರು ತಿಂಗಳಿಗೆ ಕನಿಷ್ಠ ಒಂದು ಹೊಸ ತೊಂದರೆ ಕಾಣಿಸಿಕೊಂಡಿತ್ತು. ಮೊದಲೇ ತೊಂದರೆಯಿದ್ದ ಅನೇಕರಿಗೆ ಅದು ಹೋಗಿತ್ತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ಅರ್ಧವನ್ನೇ ಹೇಳಿದಂತಾಗುತ್ತದೆ. ಇಂಥ ಒಂದು ತೊಂದರೆಯಿಂದಾಗಿ ನಿತ್ಯದ ಕೆಲಸಗಳಿಗೆ ತೀವ್ರ ಅಡಚಣೆಯಾದವರು ಶೇ. 1ಕ್ಕಿಂತ ಕಡಿಮೆ.

ಈಗ ಒಬ್ಬ ಪತ್ರಿಕಾ ಬರಹಗಾರ ಇದೇ ವರದಿಯಿಂದ ಶೇ. 95 ಎಂಬುದನ್ನು ಎತ್ತಿ ಜಾಹೀರಾತು ಬರೆಯಬಹುದು. ಇನ್ನೊಬ್ಬ ಶೇ. 46 ಎಂಬುದನ್ನು ಎತ್ತಿ ಭೀತಿ ಹುಟ್ಟಿಸಬಹುದು. ಇಬ್ಬರ ಅಂಕಿಯೂ ನಿಜ. ಒಂದೇ ಗುಂಪಿನ ಜನರಲ್ಲಿ ಎರಡೂ ಹೇಗೆ ನಿಜವಾದಾವು? ತೃಪ್ತಿ ಮನಸ್ಸಿನ ತೀರ್ಪು, ಲಕ್ಷಣ ಕಣ್ಣಿನ ವರದಿ ಎಂಬುದು ನನ್ನ ಉತ್ತರ. ನನಗೆ ಪರಿಚಯದ ಹೆಣ್ಣುಮಗಳೊಬ್ಬಳು ಬ್ಯಾಂಕಿನ ನೌಕರಿಯಲ್ಲಿದ್ದಾಳೆ. ಚಿಕಿತ್ಸೆಯಾಗಿ ಆರು ವರ್ಷವಾಯಿತು. ಕಣ್ಣು ಒಣಗುತ್ತದೆಯೆಂದು ಚೀಲದಲ್ಲಿ ಸದಾ ಹನಿ ಔಷಧಿ. ಗಣಕಯಂತ್ರದ ಮುಂದೆ ಕುಳಿತು ಗಂಟೆಗೊಮ್ಮೆ ಕತ್ತನ್ನು ಹಿಂದಕ್ಕೆ ಚಾಚಿ ಹಾಕಿಕೊಳ್ಳುತ್ತಾಳೆ. ತೃಪ್ತಿಯಿದೆಯೇ ಎಂದರೆ, "ಹೂಂ ಸರ್, ಚಷ್ಮಾ ಹೋತಲ್ರಿ" ಎಂದು ನಗುತ್ತಾಳೆ. ಅವಳ ಮಾತು ಅಪ್ಪಟ ಸತ್ಯ. ಹನ್ನೆರಡು ವರ್ಷ ಚಷ್ಮಾದ ಹುಡುಗಿ ಎನಿಸಿಕೊಂಡವಳು ಹನಿ ಔಷಧಿಯ ತೊಂದರೆಯನ್ನು ಒಂದು ತಕ್ಕಡಿಯಲ್ಲಿಟ್ಟು, ಬಿಡುಗಡೆಯನ್ನು ಇನ್ನೊಂದರಲ್ಲಿಟ್ಟು ತೂಗಿದ್ದಾಳೆ. ಆ ತೂಕ ಅವಳದು. ನಮ್ಮ ಮೈಂದರ್ಗಿಯ ಹುಡುಗಿಯ ತಕ್ಕಡಿ ಬೇರೆಯಾಗಿರಬಹುದು. ಅವಳು ತೂಗುವುದಕ್ಕೆ ಎರಡೂ ತಟ್ಟೆಯ ಸಾಮಾನು ಅವಳ ಮುಂದಿರಬೇಕಷ್ಟೆ. ಶೇ. 95 ತೃಪ್ತಿ ಎಂಬ ಮಾತು ಇನ್ನೊಬ್ಬರು ತೂಗಿ ಮುಗಿಸಿದ ಲೆಕ್ಕವನ್ನು ಅವಳ ಕೈಗೆ ಕೊಡುತ್ತದೆ.

ಕಾಲದ ವಿಚಾರ ಇನ್ನೂ ಗಂಭೀರವಾದದ್ದು. ಜಪಾನಿನ ಸಾಟೋ ಎಂಬ ವೈದ್ಯರು 1930ರ ದಶಕದ ಕೊನೆಯಿಂದ ಕಾರ್ನಿಯಕ್ಕೆ ಒಳಗಿನಿಂದಲೂ ಹೊರಗಿನಿಂದಲೂ ಗೀರು ಹಾಕಿ ನಂಬರು ಇಳಿಸಿದರು. ಆಗಿನ ಫಲ ಚೆನ್ನಾಗಿತ್ತು, ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಾರ್ನಿಯದ ಒಳಪದರವು ಅದನ್ನು ತಿಳಿಯಾಗಿಡುತ್ತದೆ, ಕೆಟ್ಟರೆ ಮತ್ತೆ ಬೆಳೆಯದು ಎಂಬುದು ಅಂದಿಗೆ ತಿಳಿದಿರಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಆ ರೋಗಿಗಳಲ್ಲಿ ಬಹಳ ಮಂದಿಯ ಕಾರ್ನಿಯ ಊದಿ ಮಸುಕಾಯಿತು. ಮುಂದೆ 1970ರ ದಶಕದಲ್ಲಿ ಸೋವಿಯತ್ ದೇಶದ ಫ್ಯೋದೊರೊವ್ ಹೊರಗಿನಿಂದ ಮಾತ್ರ ಗೀರು ಹಾಕುವ ಕ್ರಮವನ್ನು ಜನಪ್ರಿಯಗೊಳಿಸಿದರು. ರೋಗಿಗಳು ಯಂತ್ರದ ಮೇಲೆ ಒಬ್ಬರ ಹಿಂದೊಬ್ಬರು ಸಾಗುವ ಮಾಸ್ಕೋದ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಅಮೆರಿಕದವರು ಅದನ್ನು ಕಡಲಾಚೆಯಿಂದ ತಂದು, 1980ರ ದಶಕದ ಆರಂಭದಲ್ಲಿ ಚಿಕಿತ್ಸೆಯಾದವರನ್ನು ಹತ್ತು ವರ್ಷ ಬಿಡದೆ ಹಿಂಬಾಲಿಸಿದರು. 1994ರಲ್ಲಿ ಪ್ರಕಟವಾದ ಫಲ: ಆರು ತಿಂಗಳಿಂದ ಹತ್ತು ವರ್ಷಗಳ ನಡುವೆ ಶೇ. 43 ಕಣ್ಣುಗಳು ಒಂದು ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚು ಎದುರು ದಿಕ್ಕಿಗೆ, ಅಂದರೆ ಪ್ಲಸ್ ನಂಬರಿನ ಕಡೆಗೆ ಸರಿದಿದ್ದವು. ಹತ್ತು ವರ್ಷ ಕಾದು ನೋಡಿದ ಆ ವೈದ್ಯರನ್ನು ನಾನು ಆಪ್ತರೆಂದು ಕರೆಯುತ್ತೇನೆ. ಅವರಲ್ಲಿ ಆ ಚಿಕಿತ್ಸೆ ಮಾಡುತ್ತಿದ್ದವರೇ ಇದ್ದರು. ತಮ್ಮ ಕೆಲಸದ ಕೊರತೆಯನ್ನು ತಾವೇ ಎಣಿಸಿ ಮುದ್ರಿಸಿದರು.

ಲೇಸರ್ ವಿಧಾನ ಈ ಗೀರುಗಳಿಗಿಂತ ಬಹಳ ಮುಂದೆ ಹೋಗಿದೆ. ಹಳೆಯ ದೋಷವನ್ನು ಅದರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಹತ್ತು ನಿಮಿಷದ ಮಾತನಾಡುವವರು ಆಮೇಲಿನ ನಲವತ್ತು ವರ್ಷಗಳ ಮಾತನ್ನೂ ಆಡಬೇಕು. ನಮ್ಮ ಉತ್ತರದ ಕನ್ನಡದಲ್ಲಿ ಚಷ್ಮಾಕ್ಕೆ ಚಾಳೀಸು ಎನ್ನುತ್ತೇವೆ, ಮರಾಠಿಯಲ್ಲಿ ಚಾಳಿಶಿ. ನಲವತ್ತರ ಹರೆಯವೇ ಆ ಪದದಲ್ಲಿ ಕುಳಿತಿದೆ. ನಲವತ್ತರ ಆಸುಪಾಸಿನಲ್ಲಿ ಕಣ್ಣಿನೊಳಗಿನ ಮಸೂರ ಬಿಗಿಯಾಗಿ ಹತ್ತಿರದ ಓದು ಕಷ್ಟವಾಗುತ್ತದೆ. ದೂರದ ನಂಬರಿಗೆ ಮಾಡಿಸಿದ ಲ್ಯಾಸಿಕ್ ಇದನ್ನು ತಡೆಯದು. "ಚಷ್ಮಾದಿಂದ ಶಾಶ್ವತ ಮುಕ್ತಿ" ಎಂದು ಬರೆದವನು ನಮ್ಮ ಭಾಷೆಯ ಆ ಒಂದು ಪದವನ್ನು ಕೇಳಿದ್ದರೆ ಶಾಶ್ವತವೆಂಬ ಮಾತನ್ನು ಬಿಡುತ್ತಿದ್ದ. ಇನ್ನೊಂದು ಸಂಗತಿ: ಹೆಚ್ಚಿನ ಮೈನಸ್ ನಂಬರಿರುವವರ ಕಣ್ಣುಗುಡ್ಡೆ ಉದ್ದವಾಗಿರುತ್ತದೆ, ಹಿಂದಿನ ರೆಟಿನಾ ಎಳೆದಂತೆ ತೆಳುವಾಗಿರುತ್ತದೆ. ಮುಂದಿನ ಕಾರ್ನಿಯವನ್ನು ಕೊರೆದರೆ ನಂಬರು ಹೋಗುತ್ತದೆ. ಕಣ್ಣಿನ ಉದ್ದ ಹಾಗೆಯೇ ಉಳಿಯುತ್ತದೆ, ರೆಟಿನಾ ಹರಿಯುವ ಭಯವೂ ಹಾಗೆಯೇ. ಚಷ್ಮಾ ಹೋಯಿತೆಂದು ರೆಟಿನಾ ತಪಾಸಣೆಯನ್ನು ಬಿಟ್ಟವರನ್ನು ನಾನು ಬಲ್ಲೆ.

ಆಪ್ತನ ಲಕ್ಷಣಕ್ಕೆ ಮರಳೋಣ. ವೈದ್ಯನು ವಿಷಯವನ್ನು ಬಲ್ಲ, ಆದರೆ ಅವನಿಗೆ ಲಾಭವುಂಟು. ಲಾಭವುಳ್ಳವನ ಮಾತೆಲ್ಲ ಸುಳ್ಳೆಂದರೆ ನಾವು ಕಿರಾಣಿ ಅಂಗಡಿಗೂ ಹೋಗಲಾರೆವು. ಅವನು ಹೇಳದೆ ಬಿಟ್ಟದ್ದನ್ನು ನಾವು ಕೇಳಬೇಕೆಂದಷ್ಟೇ ಅರ್ಥ. ಚಿಕಿತ್ಸೆಯಾದವನಿಗೆ ಲಾಭವಿಲ್ಲ, ತನ್ನ ಕಣ್ಣನ್ನು ಬಲ್ಲ; ಇನ್ನೊಬ್ಬರದನ್ನು ಅರಿಯ. ಪತ್ರಿಕೆಗೆ ವಿಷಯವೂ ಗೊತ್ತಿಲ್ಲ, ಲಾಭವೂ ಇದೆ, ಆದರೆ ನಮ್ಮ ನಂಬಿಕೆ ಅತಿ ಹೆಚ್ಚು ಇರುವುದು ಅದರ ಮೇಲೆಯೇ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಿ ಹಣ ಪಡೆದು ಸುದ್ದಿಯ ರೂಪದಲ್ಲಿ ಪ್ರಚಾರ ಮುದ್ರಿಸಿದ ಪ್ರಕರಣಗಳನ್ನು ಪಿ. ಸಾಯಿನಾಥ್ ಅವರು ಬಯಲಿಗೆಳೆದರು, ಮರುವರ್ಷ ಪ್ರೆಸ್ ಕೌನ್ಸಿಲ್ಲೂ ಆ ಬಗ್ಗೆ ವರದಿ ಮಾಡಿತು. ಚುನಾವಣೆಯಲ್ಲಿ ನಡೆಯುವುದು ಆರೋಗ್ಯ ಪುರವಣಿಯಲ್ಲಿ ನಡೆಯಲಾರದೆಂದು ನಂಬಲು ನನಗೆ ಕಾರಣ ಕಾಣದು. ವೈದ್ಯನು ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿನಿಯಮಗಳು ಹೇಳುತ್ತವೆ. ಆಸ್ಪತ್ರೆಯ ಹೆಸರಿನಲ್ಲಿ ಮಾತ್ರ ಅದು ಧಾರಾಳವಾಗಿ ಬರುತ್ತಿದೆ.

ಕುರುಕ್ಷೇತ್ರದಲ್ಲಿ ಧರ್ಮರಾಜನು ಅಶ್ವತ್ಥಾಮ ಹತನಾದನೆಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ಹೇಳಿದ. ಅಕ್ಷರಶಃ ಸುಳ್ಳಾಡಲಿಲ್ಲ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದೇ ನೆಲಕ್ಕೆ ಇಳಿಯಿತು. ಜಾಹೀರಾತಿನ ಕೆಳಗೆ ಎಳ್ಳುಕಾಳಿನ ಗಾತ್ರದಲ್ಲಿ "ಷರತ್ತುಗಳು ಅನ್ವಯಿಸುತ್ತವೆ" ಎಂಬುದನ್ನು ಕಂಡಾಗಲೆಲ್ಲ ನನಗೆ ಆ ಆನೆಯ ನೆನಪಾಗುತ್ತದೆ.

ಸೊಲ್ಲಾಪುರದ ಓದುಗರಿಗೆ ಹೇಳಲೇಬೇಕಾದ ಒಂದು ಆನೆ ಉಂಟು. ನಮ್ಮದು ಮಧ್ಯ ರೈಲ್ವೆಯ ವಿಭಾಗೀಯ ಕೇಂದ್ರ. ರೈಲು ನೌಕರಿಯ ಆಸೆಯಿಲ್ಲದ ಹುಡುಗ ನಮ್ಮಲ್ಲಿ ವಿರಳ. ಚಷ್ಮಾ ಇದ್ದರೆ ಚಾಲಕನ ಕೆಲಸ ಸಿಗದೆಂದು ಲೇಸರ್ ಮಾಡಿಸಲು ಹೊರಡುತ್ತಾರೆ. ಆದರೆ ಲ್ಯಾಸಿಕ್ ಅಥವಾ ನಂಬರು ತೆಗೆಯುವ ಬೇರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಅರ್ಹರಲ್ಲ ಎಂದು ರೈಲ್ವೆ ನೇಮಕಾತಿ ಮಂಡಳಿಯ 2018ರ ಅಧಿಸೂಚನೆಯಲ್ಲಿಯೇ ಮುದ್ರಿತವಾಗಿತ್ತು. ಅಂಥ ಹುಡುಗನಿಗೆ 6/6 ಬಂದರೂ ಫಲಿತಾಂಶ ಸೊನ್ನೆ. ಪೊಲೀಸ್, ಸೇನೆ ಇವುಗಳ ನಿಯಮಗಳು ಬೇರೆ ಬೇರೆ. ಆಯಾ ವರ್ಷದ ಅಧಿಸೂಚನೆಯನ್ನು ಓದಿಯೇ ಮುಂದುವರಿಯಬೇಕು.

ಮದುವೆಯ ಕಾರಣಕ್ಕೆ ಬಂದ ಆ ಹುಡುಗಿಯ ವಿಷಯದಲ್ಲಿ ನನಗೆ ಹೆಚ್ಚು ಕಳವಳವಾದದ್ದು ಬೇರೆ. ಹತ್ತೊಂಬತ್ತರಲ್ಲಿ ಅನೇಕರ ನಂಬರು ಇನ್ನೂ ಸ್ಥಿರವಾಗಿರುವುದಿಲ್ಲ. ಒಂದೆರಡು ವರ್ಷ ನಂಬರು ಬದಲಾಗದಿರುವುದನ್ನು ನೋಡಿಯೇ ವೈದ್ಯರು ಮುಂದುವರಿಯಬೇಕೆಂಬುದು ಸಾಮಾನ್ಯ ನಿಯಮ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲವೇ ಎಂದರೆ, ಹೇಳಿರಬಹುದು. ಅವರು ತಂದು ತೋರಿಸಿದ ಜಾಹೀರಾತು ಮರಾಠಿಯಲ್ಲಿತ್ತು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಎರಡು ಪುಟ, ಸಣ್ಣ ಅಕ್ಷರ. ಸಹಿ ಮಾಡಬೇಕಾದ ತಾಯಿಗೆ ಬರುವುದು ಕನ್ನಡ ಮಾತ್ರ. ಆ ಎರಡು ಪುಟಗಳಲ್ಲಿ ನಾನು ಮೇಲೆ ಹೇಳಿದ ಬಹುತೇಕ ಸಂಗತಿಗಳಿದ್ದವು: ಕಣ್ಣು ಒಣಗುವುದು, ದೀಪದ ಬಳೆ, ಮತ್ತೆ ಚಷ್ಮಾ ಬರಬಹುದಾದದ್ದು, ಕಾರ್ನಿಯ ಉಬ್ಬುವ ಅಪರೂಪದ ಅಪಾಯ, ಎಲ್ಲವೂ. ಆಸೆಯನ್ನು ಅರ್ಥವಾಗುವ ನುಡಿಯಲ್ಲಿ ದೊಡ್ಡದಾಗಿ ಬರೆದಿದ್ದರು, ಅಪಾಯವನ್ನು ಅರ್ಥವಾಗದ ನುಡಿಯಲ್ಲಿ ಸಣ್ಣದಾಗಿ. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಬೇರೆ ದಾರಿಗಳು, ಮುಖ್ಯ ಅಪಾಯಗಳು ಇವುಗಳನ್ನು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2008ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ತಿಳಿಯದ ಭಾಷೆಯಲ್ಲಿ ತಿಳಿಸಿದ್ದು ತಿಳಿಸಿದಂತಾಯಿತೇ? ಕನ್ನಡ ಶಾಲೆ ಉಳಿಯಲಿ, ಕನ್ನಡ ಫಲಕ ಬರಲಿ ಎಂದು ನಾವು ಪ್ರತಿ ಸಮ್ಮೇಳನದಲ್ಲಿ ನಿರ್ಣಯ ಮಾಡುತ್ತೇವೆ, ಅವು ಬೇಕಾದವೇ. ದುಧನಿ, ನಾಗಣಸೂರುಗಳಿಂದ ಬಂದ ತಾಯಂದಿರು ಸಹಿ ಹಾಕುವ ಕಾಗದವೂ ಭಾಷೆಯ ಪ್ರಶ್ನೆಯೆಂದು ನಾವು ಇದುವರೆಗೆ ಭಾವಿಸಿದಂತಿಲ್ಲ. ಡಾ. ದ್ವಾರಕಾನಾಥ ಕೋಟ್ನೀಸರು ಹುಟ್ಟಿದ ಊರಿದು. ಅವರು 1938ರಲ್ಲಿ ಚೀನಕ್ಕೆ ಹೋಗಿ, ರೋಗಿಗಳ ಭಾಷೆಯನ್ನು ಕಲಿತು ಅವರೊಡನೆ ಮಾತನಾಡಿದರು. ಸೊಲ್ಲಾಪುರದ ಆಸ್ಪತ್ರೆಗೆ ಕನ್ನಡದ ಎರಡು ಪುಟ ಭಾರವಾಗಲಾರದು. ಅನುವಾದ ಮಾಡಿಕೊಡಲು ನಮ್ಮ ಸಂಘದಲ್ಲಿ ನಿವೃತ್ತ ಶಿಕ್ಷಕರಿಗೆ ಬರವಿಲ್ಲ, ನಾನಂತೂ ಸಿದ್ಧನಿದ್ದೇನೆ.

ಆ ಕುಟುಂಬಕ್ಕೆ ನಾನು ಮಾಡಿಸಿರಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅದು ನನ್ನ ಅಧಿಕಾರದ ಮಾತಲ್ಲ. ಎರಡು ಪುಟಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ತಾಯಿ ಎರಡು ಕಡೆ ನಿಲ್ಲಿಸಿ ಮತ್ತೆ ಓದಿಸಿದರು. ಹುಡುಗಿ ಒಂದು ವರ್ಷ ಕಾಯುವುದಾಗಿ ಹೇಳಿದಳು. ಗಂಡಿನ ಕಡೆಯವರು ಕಾಯುವರೋ ಇಲ್ಲವೋ ನನಗೆ ತಿಳಿಯದು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ಅವಳ ತಂದೆಯೇ ಆಡಿದರು, ನಾನು ಹೇಳಬೇಕಾಗಲಿಲ್ಲ.

ಹೊರಡುವಾಗ ಅವರಿಗೆ ಹೇಳಿದ ಒಂದು ವ್ಯವಹಾರದ ಮಾತನ್ನು ಇಲ್ಲಿಯೂ ಬರೆದಿಡುತ್ತೇನೆ. ಯಾರೇ ಈ ಚಿಕಿತ್ಸೆ ಮಾಡಿಸಿಕೊಂಡರೂ ಅದಕ್ಕೆ ಮುಂಚಿನ ಅಳತೆಗಳನ್ನು, ಅಂದರೆ ಕಾರ್ನಿಯದ ವಕ್ರತೆ, ದಪ್ಪ, ಹಳೆಯ ನಂಬರು ಇವುಗಳನ್ನು ಕಾಗದದ ಮೇಲೆ ಕೇಳಿ ಪಡೆಯಬೇಕು. ವಯಸ್ಸಾದ ಮೇಲೆ ಪೊರೆ ಬಂದಾಗ ಒಳಗೆ ಇಡುವ ಮಸೂರದ ಶಕ್ತಿಯನ್ನು ಲೆಕ್ಕ ಹಾಕಲು ಕಾರ್ನಿಯದ ವಕ್ರತೆ ಬೇಕು. ಒಮ್ಮೆ ಕೊರೆದ ಕಾರ್ನಿಯದಲ್ಲಿ ಸಾಮಾನ್ಯ ಲೆಕ್ಕ ತಪ್ಪುತ್ತದೆ, ಹಳೆಯ ಅಳತೆಯಿದ್ದರೆ ವೈದ್ಯರಿಗೆ ನೆರವಾಗುತ್ತದೆ. ನಲವತ್ತು ವರ್ಷಗಳ ಮೇಲೆ ಆ ಆಸ್ಪತ್ರೆ ಇರುತ್ತದೆಂದಾಗಲಿ, ಅದರ ದಾಖಲೆ ಇರುತ್ತದೆಂದಾಗಲಿ ಹೇಳಲಾಗದು. ಆ ಕಾಗದವನ್ನು ಹತ್ತನೆಯ ತರಗತಿಯ ಅಂಕಪಟ್ಟಿಯ ಜೊತೆ ಒಂದೇ ಲಕೋಟೆಯಲ್ಲಿಟ್ಟು ಟ್ರಂಕಿನಲ್ಲಿ ಭದ್ರಪಡಿಸಿರಿ.